ಕಲ್ಲುಹಾಸಿನ ಹಾದಿಯೇ ಬಂಡವಾಳ: ಪ್ಯಾರಿಸ್–ರೂಬೆ ಸೈಕಲ್ ಪಂದ್ಯದ ಒಂದು ವಾಣಿಜ್ಯ ಅಧ್ಯಯನ

ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿ, ಬೆಲ್ಜಿಯಂ ಗಡಿಗೆ ಅಂಟಿಕೊಂಡಂತೆ ರೂಬೆ ಎಂಬ ಪಟ್ಟಣವಿದೆ. ಸಾಮಾನ್ಯವಾಗಿ ಪ್ರತಿವರ್ಷ ಏಪ್ರಿಲ್ ತಿಂಗಳ ಒಂದು ಭಾನುವಾರ ಈ ಪಟ್ಟಣದ ಹೆಸರು ಜಗತ್ತಿನ ಕ್ರೀಡಾಸಕ್ತರ ನಾಲಗೆಯ ಮೇಲೆ ನಲಿಯುತ್ತದೆ. ಅಂದು ಅಲ್ಲಿ ಮುಕ್ತಾಯವಾಗುವ ‘ಪ್ಯಾರಿಸ್–ರೂಬೆ’ ಎಂಬ ಒಂದು ದಿನದ ವೃತ್ತಿಪರ ಸೈಕಲ್ ಪಂದ್ಯವು ಸುಮಾರು 260 ಕಿಲೋಮೀಟರ್ ಉದ್ದದ್ದು. ಅದರಲ್ಲಿ ಸುಮಾರು 55 ಕಿಲೋಮೀಟರ್ ದಾರಿಯು ಹಳೆಯ ಕಾಲದ ಒರಟು ಕಲ್ಲುಹಾಸಿನದು. ಕ್ರೀಡೆಯ ದೃಷ್ಟಿಯಿಂದ ಈ ಪಂದ್ಯದ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಇದನ್ನು ಹುಟ್ಟುಹಾಕಿದವರು ಕ್ರೀಡಾಪಟುಗಳಲ್ಲ, ಇಬ್ಬರು ನೂಲಿನ ಗಿರಣಿ ಮಾಲೀಕರು ಎಂಬ ಸಂಗತಿ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ವಿಶೇಷ ಆಸಕ್ತಿಯದು. ಗಿರಣಿಗಳು ಮುಚ್ಚಿದವು, ಪಂದ್ಯ ಉಳಿಯಿತು. ಇದಕ್ಕೆ ಕಾರಣವೇನು, ಇದರಿಂದ ಲಾಭ ಪಡೆದವರು ಯಾರು, ಪಡೆಯದವರು ಯಾರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗಿರಣಿ ಮಾಲೀಕರ ಯೋಜನೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಬೆ ಉಣ್ಣೆ ಮತ್ತು ನೂಲಿನ ಉದ್ಯಮದ ದೊಡ್ಡ ಕೇಂದ್ರವಾಗಿತ್ತು. ‘ಸಾವಿರ ಚಿಮಣಿಗಳ ಊರು’ ಎಂದು ಅದನ್ನು ಕರೆಯುತ್ತಿದ್ದರು. ಅಲ್ಲಿನ ಗಿರಣಿ ಮಾಲೀಕರಾದ ತಿಯೋದೋರ್ ವಿಯೆನ್ ಮತ್ತು ಮೋರಿಸ್ ಪೆರೇಜ್ ಎಂಬುವರು 1895ರಲ್ಲಿ ಸೈಕಲ್ ಪಂದ್ಯಗಳಿಗಾಗಿ ಒಂದು ವೆಲೊಡ್ರೋಮ್, ಅಂದರೆ ಇಳಿಜಾರು ಅಂಚಿನ ಸುತ್ತುಹಾದಿಯ ಕ್ರೀಡಾಂಗಣವನ್ನು ಕಟ್ಟಿಸಿದರು. ಆಗ ಸೈಕಲ್ ಹೊಸ ವಸ್ತು. ಅದರ ಓಟವನ್ನು ನೋಡಲು ಜನ ಹಣ ಕೊಟ್ಟು ಬರುತ್ತಿದ್ದರು. ಆದರೆ ಕ್ರೀಡಾಂಗಣ ಕಟ್ಟಿದ ಮಾತ್ರಕ್ಕೆ ವರ್ಷವಿಡೀ ಪ್ರೇಕ್ಷಕರು ಬರುವುದಿಲ್ಲ. ಊರಿನಾಚೆಗೂ ಹೆಸರು ಹಬ್ಬಬೇಕು, ಹೆಸರಾಂತ ಸವಾರರು ಅಲ್ಲಿಗೆ ಬರಬೇಕು.

ಇದಕ್ಕೆ ಅವರು ಕಂಡುಕೊಂಡ ಉಪಾಯ ಗಮನಾರ್ಹವಾದುದು. 1896ರ ಆರಂಭದಲ್ಲಿ ಅವರು ಪ್ಯಾರಿಸ್ಸಿನ ಪ್ರಮುಖ ಕ್ರೀಡಾ ದಿನಪತ್ರಿಕೆ ‘ಲೆ ವೆಲೊ’ಗೆ ಪತ್ರ ಬರೆದು, ಪ್ಯಾರಿಸ್ಸಿನಿಂದ ಹೊರಟು ತಮ್ಮ ವೆಲೊಡ್ರೋಮಿನಲ್ಲಿ ಮುಗಿಯುವ 280 ಕಿಲೋಮೀಟರ್ ಪಂದ್ಯವನ್ನು ಸೂಚಿಸಿದರು. ಆ ಕಾಲದ ಪ್ರತಿಷ್ಠಿತ ಪಂದ್ಯವೆಂದರೆ ಐನೂರು ಕಿಲೋಮೀಟರಿಗೂ ಮೀರಿದ ಬೋರ್ಡೊ–ಪ್ಯಾರಿಸ್. ಅದಕ್ಕೆ ಕೆಲವು ವಾರಗಳ ಮುಂಚೆ ಸವಾರರಿಗೆ ಒಳ್ಳೆಯ ಪೂರ್ವಸಿದ್ಧತೆಯಾಗುತ್ತದೆ ಎಂಬುದು ಅವರ ವಾದವಾಗಿತ್ತು. ಮೊದಲ ಬಹುಮಾನವಾಗಿ 1,000 ಫ್ರಾಂಕ್‌ಗಳನ್ನೂ ಘೋಷಿಸಿದರು. ಅಂದರೆ ಹಳೆಯ ಪಂದ್ಯದೊಡನೆ ಸ್ಪರ್ಧೆಗೆ ಇಳಿಯುವ ಬದಲು ಅದಕ್ಕೆ ಪೂರಕವಾದ ಸರಕನ್ನು ಮಾರುಕಟ್ಟೆಗೆ ತಂದರು. ಆರಂಭದ ಸ್ಥಳವನ್ನು ರಾಜಧಾನಿಗೆ ಬಿಟ್ಟುಕೊಟ್ಟು, ಜನ ಸೇರುವ ಮುಕ್ತಾಯದ ಸ್ಥಳವನ್ನು ತಮ್ಮಲ್ಲೇ ಇಟ್ಟುಕೊಂಡರು.

ಪತ್ರಿಕೆಯು ದಾರಿಯನ್ನು ಪರೀಕ್ಷಿಸಲು ವಿಕ್ಟರ್ ಬ್ರೆಯೆ ಎಂಬ ತನ್ನ ವರದಿಗಾರನನ್ನು ಕಳುಹಿಸಿತು. ಅಮಿಯಾಂ ನಗರದವರೆಗೆ ಮೋಟಾರು ವಾಹನದಲ್ಲಿ ಹೋದ ಆತ ಉಳಿದ ದಾರಿಯನ್ನು ಸೈಕಲ್ಲಿನಲ್ಲಿ, ಚಳಿ ಮಳೆಯ ನಡುವೆ, ಕಲ್ಲುಹಾಸಿನ ಮೇಲೆ ಕ್ರಮಿಸಿ ಕೆಸರಿನಲ್ಲಿ ಮುಳುಗೆದ್ದವನಂತೆ ರೂಬೆ ತಲುಪಿದನು. ಇಂಥ ದಾರಿಯಲ್ಲಿ ಪಂದ್ಯ ನಡೆಸುವುದೇ ಬೇಡವೆಂದು ತಂತಿ ಕಳುಹಿಸಲು ಅವನು ನಿಶ್ಚಯಿಸಿದ್ದನೆಂದೂ, ರಾತ್ರಿ ಊಟ ಮುಗಿಸಿದ ಮೇಲೆ ಮನಸ್ಸು ಬದಲಿಸಿದನೆಂದೂ ಪಂದ್ಯದ ಇತಿಹಾಸದಲ್ಲಿ ದಾಖಲಾಗಿದೆ. 1896ರ ಏಪ್ರಿಲ್ 19ರಂದು ನಡೆದ ಮೊದಲ ಪಂದ್ಯವನ್ನು ಜರ್ಮನಿಯ ಜೋಸೆಫ್ ಫಿಶರ್ 9 ಗಂಟೆ 17 ನಿಮಿಷಗಳಲ್ಲಿ ಗೆದ್ದನು. ಮೂರನೆಯವನಾಗಿ ಬಂದ ಮೋರಿಸ್ ಗಾರಿನ್ ಇಟಲಿಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಚಿಮಣಿ ಶುಚಿಗೊಳಿಸುವ ಕೆಲಸ ಮಾಡಿ, ರೂಬೆಯಲ್ಲಿ ಸೋದರರೊಡನೆ ಸೈಕಲ್ ಅಂಗಡಿ ತೆರೆದಿದ್ದವನು. 1897 ಮತ್ತು 1898ರ ಪಂದ್ಯಗಳನ್ನು ಅವನೇ ಗೆದ್ದನು. 1903ರಲ್ಲಿ ಮೊದಲ ಟೂರ್ ಡಿ ಫ್ರಾನ್ಸ್ ಪಂದ್ಯದ ವಿಜೇತನೂ ಆದನು. ಊರಿನ ಅಂಗಡಿಯವನೇ ಊರಿನ ಪಂದ್ಯ ಗೆದ್ದದ್ದಕ್ಕಿಂತ ಹೆಚ್ಚಿನ ಪ್ರಚಾರ ಸಂಘಟಕರಿಗೆ ಬೇಕಿರಲಿಲ್ಲ.

ಜಾಹೀರಾತುದಾರರ ಸಿಟ್ಟು, ಪತ್ರಿಕೆಯ ಪತನ

ಪಂದ್ಯದ ಒಡೆತನದ ಕಥೆಯಲ್ಲಿಯೂ ವ್ಯವಹಾರದ ಪಾಠವೊಂದು ಅಡಗಿದೆ. ‘ಲೆ ವೆಲೊ’ದ ಸಂಪಾದಕ ಪಿಯೆರ್ ಜಿಫಾರ್ ಆಗ ಫ್ರಾನ್ಸನ್ನು ಇಬ್ಭಾಗ ಮಾಡಿದ್ದ ಡ್ರೈಫಸ್ ಪ್ರಕರಣದಲ್ಲಿ ಡ್ರೈಫಸನ ಪರ ನಿಂತನು. ಪತ್ರಿಕೆಗೆ ಜಾಹೀರಾತು ಕೊಡುತ್ತಿದ್ದ ಮೋಟಾರು ಮತ್ತು ಸೈಕಲ್ ಉದ್ಯಮಿಗಳಲ್ಲಿ ಕೆಲವರು ವಿರುದ್ಧ ಪಕ್ಷದವರು. ಕಾರು ತಯಾರಕ ದ ದಿಯೋನ್ ಮುಂತಾದವರು ಸೇರಿ 1900ರಲ್ಲಿ ‘ಲೊತೊ-ವೆಲೊ’ ಎಂಬ ಪ್ರತಿಸ್ಪರ್ಧಿ ಪತ್ರಿಕೆಯನ್ನು ಹೊರಡಿಸಿದರು. ಹೆಸರು ತನ್ನದನ್ನು ಹೋಲುತ್ತದೆಂದು ಜಿಫಾರ್ ನ್ಯಾಯಾಲಯಕ್ಕೆ ಹೋಗಿ ಗೆದ್ದನು. 1903ರಲ್ಲಿ ಹೊಸ ಪತ್ರಿಕೆ ‘ಲೊತೊ’ ಎಂದು ಹೆಸರು ಮೊಟಕುಗೊಳಿಸಬೇಕಾಯಿತು. ಆದರೆ ವ್ಯಾಜ್ಯದಲ್ಲಿ ಗೆದ್ದವನು ವ್ಯಾಪಾರದಲ್ಲಿ ಸೋತನು. ಅದೇ ವರ್ಷ ‘ಲೊತೊ’ ಆರಂಭಿಸಿದ ಟೂರ್ ಡಿ ಫ್ರಾನ್ಸ್ ಓದುಗರನ್ನೆಲ್ಲ ತನ್ನ ಕಡೆಗೆ ಸೆಳೆಯಿತು. 1904ರಲ್ಲಿ ‘ಲೆ ವೆಲೊ’ ನಿಂತುಹೋಯಿತು. ಪ್ಯಾರಿಸ್–ರೂಬೆ ‘ಲೊತೊ’ದ ಕೈಸೇರಿತು. ಎರಡನೆಯ ಮಹಾಯುದ್ಧದ ನಂತರ ಅದರ ಉತ್ತರಾಧಿಕಾರಿ ‘ಲೆಕಿಪ್’ ಪತ್ರಿಕೆಗೂ, ಮುಂದೆ ಅದೇ ಪತ್ರಿಕಾ ಸಮೂಹದ ಕ್ರೀಡಾ ಸಂಘಟನಾ ಸಂಸ್ಥೆಯಾದ ಅಮೊರಿ ಸ್ಪೋರ್ಟ್ ಆರ್ಗನೈಸೇಶನ್‌ಗೂ ಅದು ಸೇರಿತು. ಪಂದ್ಯವನ್ನು ಕಲ್ಪಿಸಿದವರ ಕೈಯಲ್ಲಿ ಅದರ ಒಡೆತನ ಉಳಿಯಲಿಲ್ಲ ಎಂಬುದು ಗಮನಿಸತಕ್ಕ ಅಂಶ. ಅವರು ಕಟ್ಟಿಸಿದ ವೆಲೊಡ್ರೋಮಿನಲ್ಲಿ 1914ರವರೆಗೆ ಮಾತ್ರ ಪಂದ್ಯ ಮುಗಿಯುತ್ತಿತ್ತು.

ಕೊರತೆಯೇ ಆಸ್ತಿಯಾದ ಬಗೆ

ಮೊದಲ ಮಹಾಯುದ್ಧದ ಕಾರಣ 1915ರಿಂದ 1918ರವರೆಗೆ ಪಂದ್ಯ ನಡೆಯಲಿಲ್ಲ. 1919ರಲ್ಲಿ ದಾರಿಯನ್ನು ಪರಿಶೀಲಿಸಲು ಹೊರಟವರಿಗೆ ಕಂಡದ್ದು ಗುಂಡಿನ ಹಳ್ಳಗಳು, ಸುಟ್ಟ ಮರದ ಬೊಡ್ಡೆಗಳು, ನೆಲಸಮವಾದ ಹಳ್ಳಿಗಳು. ‘ಉತ್ತರದ ನರಕ’ ಎಂಬ ಹೆಸರು ಪಂದ್ಯಕ್ಕೆ ಅಂಟಿಕೊಂಡದ್ದು ಆಗ. ಆ ವರ್ಷ ಗೆದ್ದ ಹೆನ್ರಿ ಪೆಲಿಸಿಯೆಯ ಸರಾಸರಿ ವೇಗ ಗಂಟೆಗೆ 23 ಕಿಲೋಮೀಟರನ್ನೂ ಮುಟ್ಟಲಿಲ್ಲ. ಇಪ್ಪತ್ಮೂರು ವರ್ಷ ಹಿಂದೆ ಫಿಶರ್ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗಿದ್ದನು.

ಎರಡನೆಯ ಮಹಾಯುದ್ಧದ ನಂತರ ಬೇರೊಂದು ಬಗೆಯ ಸಂಕಟ ಎದುರಾಯಿತು. ದೇಶ ಪುನರ್ನಿರ್ಮಾಣಗೊಳ್ಳುತ್ತಿತ್ತು, ರಸ್ತೆಗಳಿಗೆ ಡಾಂಬರು ಬೀಳುತ್ತಿತ್ತು. ದೂರದರ್ಶನದಲ್ಲಿ ತಮ್ಮೂರಿನ ಕಲ್ಲುದಾರಿ ಕಾಣಿಸಿಕೊಂಡರೆ ಊರು ಹಿಂದುಳಿದದ್ದೆಂದು ಜನ ತಿಳಿದಾರು ಎಂಬ ಅಂಜಿಕೆಯಿಂದ ಹಳ್ಳಿಗಳ ಮೇಯರುಗಳು ಡಾಂಬರು ಹಾಕಿಸಲು ಅವಸರಪಟ್ಟರು. 1965ರ ವೇಳೆಗೆ ಪಂದ್ಯದಲ್ಲಿ ಉಳಿದಿದ್ದ ಕಲ್ಲುಹಾಸು 22 ಕಿಲೋಮೀಟರ್ ಮಾತ್ರ. ಅದರ ಹಿಂದಿನ ವರ್ಷ ಪೀಟರ್ ಪೋಸ್ಟ್ ಗಂಟೆಗೆ 45.129 ಕಿಲೋಮೀಟರ್ ವೇಗದಲ್ಲಿ ಗೆದ್ದಿದ್ದನು. ಆ ದಾಖಲೆ 2017ರವರೆಗೆ ಮುರಿಯಲಿಲ್ಲ. 1967ರಲ್ಲಿ ಸವಾರರ ಗುಂಪೊಂದು ಒಟ್ಟಾಗಿಯೇ ಕೊನೆಯವರೆಗೆ ಬಂದು, ಅಂತಿಮ ಕ್ಷಣದ ಓಟದಲ್ಲಿ ಯಾನ್ ಯಾನ್ಸೆನ್ ಗೆದ್ದನು. ಪಂದ್ಯ ಎಲ್ಲ ಪಂದ್ಯಗಳಂತಾಗಿಬಿಟ್ಟಿತ್ತು. ಸರಕು ಸುಧಾರಿಸಿತು, ಆದರೆ ಅದರ ಗುರುತು ಅಳಿಸಿತು.

ಸಂಘಟಕರಾದ ಜಾಕ್ ಗೊದೆಯವರು ತಮ್ಮ ಸಹಾಯಕ ಆಲ್ಬೇರ್ ಬೂವೆಗೆ ಉಳಿದಿರುವ ಕಲ್ಲುದಾರಿಗಳನ್ನು ಹುಡುಕುವ ಕೆಲಸ ವಹಿಸಿದರು. ಬೂವೆ ನೆರವು ಕೇಳಿದ್ದು ಜಾನ್ ಸ್ತಾಬ್ಲಿನ್ಸ್ಕಿಯನ್ನು. 1962ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಸ್ತಾಬ್ಲಿನ್ಸ್ಕಿ ಅದೇ ಪ್ರದೇಶದವನು. ಹದಿಹರೆಯದಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಅರೆನ್‌ಬರ್ಗ್ ಗಣಿಯ ಪಕ್ಕದ ಕಾಡನ್ನು ಸೀಳಿಕೊಂಡು ಹೋಗುವ ಸುಮಾರು 2.3 ಕಿಲೋಮೀಟರಿನ ನೇರ ಕಲ್ಲುದಾರಿಯನ್ನು ಅವನು ತೋರಿಸಿಕೊಟ್ಟನು. 1968ರಲ್ಲಿ ಅದು ಪಂದ್ಯಕ್ಕೆ ಸೇರಿತು. ಆ ವರ್ಷ ಎಡಿ ಮೆರ್ಕ್ಸ್ ಗೆದ್ದನು. ಇಂದು ಪಂದ್ಯದ ಅತ್ಯಂತ ಪ್ರಸಿದ್ಧ ಭಾಗ ಅದೇ. ಅರೆನ್‌ಬರ್ಗ್ ಗಣಿ 1989ರಲ್ಲಿ ಮುಚ್ಚಿತು. 2012ರಲ್ಲಿ ಆ ಪ್ರದೇಶದ ಗಣಿ ವಲಯ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಪಂದ್ಯದ ಆರಂಭವೂ ಪ್ಯಾರಿಸ್ಸಿನಿಂದ ಸರಿದು, 1977ರಿಂದ ರಾಜಧಾನಿಯ ಉತ್ತರಕ್ಕಿರುವ ಕೊಂಪಿಯೆನ್ ಪಟ್ಟಣದಲ್ಲಿ ನಡೆಯುತ್ತಿದೆ. ಹೆಸರಿನಲ್ಲಿ ಮಾತ್ರ ಪ್ಯಾರಿಸ್ ಉಳಿದಿದೆ. 1980ರ ದಶಕದಲ್ಲಿ ‘ಪ್ಯಾರಿಸ್–ರೂಬೆಯ ಗೆಳೆಯರು’ ಎಂಬ ಸ್ವಯಂಸೇವಾ ಸಂಘ ಬೆಳೆಯಿತು. ಸದಸ್ಯರು ವರ್ಷವಿಡೀ ಕಲ್ಲುದಾರಿಗಳನ್ನು ನೋಡಿಕೊಂಡು, ಕಿತ್ತುಹೋದ ಕಲ್ಲುಗಳನ್ನು ಮತ್ತೆ ಕೂರಿಸುತ್ತಾರೆ. ತೋಟಗಾರಿಕಾ ಶಾಲೆಗಳ ವಿದ್ಯಾರ್ಥಿಗಳೂ ಈ ಕೆಲಸದಲ್ಲಿ ಕೈಜೋಡಿಸುತ್ತಾರೆ. ಒಂದು ಕಾಲಕ್ಕೆ ನಾಚಿಕೆಯ ವಸ್ತುವಾಗಿದ್ದ ಕಲ್ಲೇ ಇಂದು ವಿಜೇತನಿಗೆ ಕೊಡುವ ಪಾರಿತೋಷಕ.

ಸವಾರರ ಶ್ರಮ

ಮೊದಲ ತೊಂಬತ್ತು ನೂರು ಕಿಲೋಮೀಟರ್ ಸಾಮಾನ್ಯ ರಸ್ತೆ. ಅನಂತರ ಮೂವತ್ತರ ಆಸುಪಾಸಿನ ಕಲ್ಲುಹಾಸಿನ ಭಾಗಗಳು ಒಂದರ ಹಿಂದೊಂದು ಬರುತ್ತವೆ. ಅವುಗಳನ್ನು ಇಳಿಕೆಯ ಕ್ರಮದಲ್ಲಿ ಎಣಿಸಿ, ಕಠಿಣತೆಗೆ ತಕ್ಕಂತೆ ಒಂದರಿಂದ ಐದು ನಕ್ಷತ್ರಗಳನ್ನು ಕೊಡಲಾಗುತ್ತದೆ. ಅರೆನ್‌ಬರ್ಗ್, ಮೋನ್ಸ್-ಆಂ-ಪೆವೆಲ್, ಕರ್ಫೂರ್ ದ ಲಾರ್ಬ್ರ್ ಈ ಮೂರಕ್ಕೆ ಐದು ನಕ್ಷತ್ರಗಳು. ಒಣ ಹವೆಯಲ್ಲಿ ಧೂಳು, ಮಳೆಯಲ್ಲಿ ಕೆಸರು. ಪ್ರತಿ ತಂಡದಲ್ಲಿ ನಾಯಕನಿಗಾಗಿ ದುಡಿಯುವ ಸಹಾಯಕ ಸವಾರರಿರುತ್ತಾರೆ. ಗಾಳಿಗೆ ಎದೆಗೊಟ್ಟು ನಾಯಕನನ್ನು ಮರೆಯಲ್ಲಿ ಕರೆದೊಯ್ಯುವುದು, ಅವನ ಚಕ್ರ ಕೆಟ್ಟರೆ ತಮ್ಮ ಚಕ್ರವನ್ನೇ ಬಿಚ್ಚಿಕೊಡುವುದು ಅವರ ಕರ್ತವ್ಯ. ತಂಡದ ಸಿಬ್ಬಂದಿ ಕಲ್ಲುಭಾಗಗಳ ಬಳಿ ಬದಲಿ ಚಕ್ರಗಳನ್ನು ಹಿಡಿದು ನಿಂತಿರುತ್ತಾರೆ.

ಬೆಲ್ಜಿಯಂನ ರೋಜರ್ ಡಿ ವ್ಲಾಮಿಂಕ್ (1972, 1974, 1975, 1977) ಮತ್ತು ಟಾಮ್ ಬೋನೆನ್ (2005, 2008, 2009, 2012) ತಲಾ ನಾಲ್ಕು ಬಾರಿ ಗೆದ್ದಿದ್ದಾರೆ. ನೆದರ್ಲೆಂಡ್ಸಿನ ಮ್ಯಾಥ್ಯು ವಾನ್ ಡರ್ ಪೂಲ್ 2023ರಿಂದ 2025ರವರೆಗೆ ಸತತ ಮೂರು ಬಾರಿ ಗೆದ್ದನು. 2024ರಲ್ಲಿ ಅವನ ಸರಾಸರಿ ವೇಗ ಗಂಟೆಗೆ 47.8 ಕಿಲೋಮೀಟರ್. ಈ ಹೊಳಪಿನ ಹಿಂದೆ ನೋವೂ ಇದೆ. 1998ರಲ್ಲಿ ಅರೆನ್‌ಬರ್ಗ್ ದಾರಿಯಲ್ಲಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡ ಯೋಹಾನ್ ಮುಸೇವ್, ಗಾಯ ಕೊಳೆತು ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ತಲುಪಿದ್ದನು. ಎರಡು ವರ್ಷಗಳ ನಂತರ ಮರಳಿ ಬಂದು ಗೆದ್ದನು. 2018ರ ಪಂದ್ಯದಲ್ಲಿ ಹೃದಯ ಸ್ತಂಭನಕ್ಕೊಳಗಾದ ಬೆಲ್ಜಿಯಂನ ಯುವ ಸವಾರ ಮೈಕೆಲ್ ಗೂಲಾರ್ಟ್ಸ್ ಅಂದೇ ರಾತ್ರಿ ಮೃತನಾದನು. 2024ರಲ್ಲಿ ಅರೆನ್‌ಬರ್ಗ್ ಪ್ರವೇಶದ ವೇಗವನ್ನು ತಗ್ಗಿಸಲು ದಾರಿಯಲ್ಲಿ ತಿರುವನ್ನು ಅಳವಡಿಸಿದ್ದು ಸವಾರರ ಸಂಘದ ಒತ್ತಾಯದ ಫಲ.

ಅಂಗಿಯ ಮೇಲಿನ ಹೆಸರುಗಳು

ರಸ್ತೆಯಲ್ಲಿ ನಡೆಯುವ ಪಂದ್ಯಕ್ಕೆ ಟಿಕೆಟು ಮಾರಲಾಗದು. ಸಂಘಟಕರ ಆದಾಯ ಪ್ರಸಾರದ ಹಕ್ಕು, ಪ್ರಾಯೋಜಕತ್ವ, ಪಂದ್ಯ ಹಾದುಹೋಗುವ ಪ್ರದೇಶಗಳ ಸ್ಥಳೀಯ ಆಡಳಿತಗಳ ನೆರವು ಇವುಗಳಿಂದ ಬರುತ್ತದೆ. ತಂಡಗಳಿಗೆ ಪ್ರಸಾರದ ಹಣದಲ್ಲಿ ಪಾಲಿಲ್ಲ. ಆದುದರಿಂದ ಸವಾರರ ಸಂಬಳ, ವಾಹನ, ಸಲಕರಣೆ ಬಹುಮಟ್ಟಿಗೆ ಪ್ರಾಯೋಜಕ ಕಂಪನಿಗಳ ಹಣದಿಂದಲೇ ನಡೆಯಬೇಕು.

ಆರಂಭದಲ್ಲಿ ಪ್ರಾಯೋಜಕರೆಂದರೆ ಲಾ ಫ್ರಾನ್ಸೇಸ್, ಆಲ್ಸಿಯೋನ್, ಪೂಜೊ ಮುಂತಾದ ಸೈಕಲ್ ತಯಾರಕರೇ. ‘ಭಾನುವಾರ ಗೆದ್ದ ಸೈಕಲ್ ಸೋಮವಾರ ಮಾರಾಟವಾಗುತ್ತದೆ’ ಎಂಬುದು ಅವರ ಲೆಕ್ಕಾಚಾರ. 1950ರ ದಶಕದಲ್ಲಿ ಸ್ಕೂಟರು, ಕಾರುಗಳು ಬಂದು ಸೈಕಲ್ ಮಾರಾಟ ಕುಸಿಯಿತು. ತಯಾರಕರ ಕೈ ಬರಿದಾಯಿತು. 1954ರಲ್ಲಿ ಇಟಲಿಯ ಫಿಯೊರೆಂಜೊ ಮಾಗ್ನಿ ಸೌಂದರ್ಯವರ್ಧಕ ಕಂಪನಿಯಾದ ನಿವಿಯಾದ ನೆರವು ಪಡೆದನು. ಅಂದಿನಿಂದ ಸೈಕಲ್ಲಿಗೆ ಸಂಬಂಧವೇ ಇಲ್ಲದ ಕಂಪನಿಗಳು ಈ ಕ್ಷೇತ್ರಕ್ಕೆ ಬಂದವು. ಮೆರ್ಕ್ಸ್ 1968ರಲ್ಲಿ ಗೆದ್ದದ್ದು ಕಾಫಿ ಯಂತ್ರ ತಯಾರಕ ಫಾಯೆಮಾದ ಅಂಗಿಯಲ್ಲಿ, 1973ರಲ್ಲಿ ಮಾಂಸೋತ್ಪನ್ನ ಕಂಪನಿ ಮೊಲ್ತೇನಿಯ ಅಂಗಿಯಲ್ಲಿ. ಡಿ ವ್ಲಾಮಿಂಕನ ನಾಲ್ಕು ವಿಜಯಗಳಲ್ಲಿ ಮೂರು ‘ಬ್ರೂಕ್ಲಿನ್’ ಚ್ಯೂಯಿಂಗ್ ಗಮ್ ಹೆಸರಿನಲ್ಲಿ ಬಂದವು. ಅದರ ತಯಾರಕ ಪೆರ್ಫೆಟ್ಟಿ. ಭಾರತದ ಕಿರಾಣಿ ಅಂಗಡಿಗಳಲ್ಲಿ ಸೆಂಟರ್ ಫ್ರೆಶ್, ಆಲ್ಪೆನ್‌ಲೀಬೆ ಹೆಸರುಗಳಿಂದ ಪರಿಚಿತವಾದ ಸಂಸ್ಥೆಯ ಪೂರ್ವಜ.

ಕಟ್ಟಡ ಸಾಮಗ್ರಿಯ ಕಂಪನಿಗಳು ಈ ಪಂದ್ಯದಲ್ಲಿ ತೋರಿದ ಆಸಕ್ತಿ ವಿಶೇಷವಾದುದು. ಟೈಲ್ಸ್ ಅಂಟು ತಯಾರಿಸುವ ಇಟಲಿಯ ಮಾಪೆಯಿ ಕಂಪನಿಯ ತಂಡ 1995ರಿಂದ 2000ದವರೆಗಿನ ಆರು ವರ್ಷಗಳಲ್ಲಿ ಐದು ಬಾರಿ ಗೆದ್ದಿತು. 1996, 1998 ಮತ್ತು 1999ರಲ್ಲಿ ಮೊದಲ ಮೂರು ಸ್ಥಾನಗಳೂ ಅದರ ಪಾಲಾದವು. 1996ರಲ್ಲಿ ಅದರ ಮೂವರು ಸವಾರರು ಎಲ್ಲರನ್ನೂ ಹಿಂದಿಕ್ಕಿ ಬರುತ್ತಿದ್ದಾಗ, ಯಾರು ಗೆಲ್ಲಬೇಕೆಂಬುದನ್ನು ತಂಡದ ವ್ಯವಸ್ಥಾಪಕರು ಕಂಪನಿಯ ಮುಖ್ಯಸ್ಥ ಜಾರ್ಜೊ ಸ್ಕ್ವಿಂಜಿಯವರೊಡನೆ ದೂರವಾಣಿಯಲ್ಲಿ ಮಾತನಾಡಿ ನಿರ್ಧರಿಸಿದರು. ಹಣ ಹೂಡಿದವನಿಗೆ ಪಂದ್ಯದ ಫಲಿತಾಂಶವನ್ನೂ ಬರೆಯುವ ಅಧಿಕಾರವಿದೆಯೇ ಎಂಬ ಟೀಕೆ ಆಗ ಎದ್ದಿತು. 2002ರಲ್ಲಿ ಮಾಪೆಯಿ ಕ್ಷೇತ್ರದಿಂದ ಹೊರನಡೆಯಿತು. ಬೋನೆನ್‌ನ ನಾಲ್ಕೂ ವಿಜಯಗಳು ನೆಲಹಾಸಿನ ಕಂಪನಿ ಕ್ವಿಕ್-ಸ್ಟೆಪ್ಪಿನ ತಂಡಕ್ಕೆ ಸಂದವು. ವಾನ್ ಡರ್ ಪೂಲ್‌ನ ತಂಡದ ಹೆಸರಿನಲ್ಲಿ ತಲೆಗೂದಲಿನ ಶಾಂಪೂ ಆಲ್ಪೆಸಿನ್‌ನೊಡನೆ ಕಿಟಕಿ ಚೌಕಟ್ಟಿನ ಕಂಪನಿ ಡೆಕ್ಯುನಿಂಕ್ ಸಹ ಸೇರಿತ್ತು. ಅಂಟು, ನೆಲಹಾಸು, ಕಿಟಕಿ ಇವುಗಳನ್ನು ಗ್ರಾಹಕ ಹೆಸರು ಕೇಳಿ ಕೊಳ್ಳುವುದು ವಿರಳ. ಮೇಸ್ತ್ರಿಯೋ ಅಂಗಡಿಯವನೋ ಹೇಳಿದ್ದನ್ನು ಒಪ್ಪುತ್ತಾನೆ. ಆ ಮೇಸ್ತ್ರಿ, ಆ ವಿತರಕ ಭಾನುವಾರ ರಸ್ತೆಯ ಬದಿಯಲ್ಲಿ ನಿಂತು ನೋಡುವ ಪಂದ್ಯವಿದು. ಹೆಸರಿಲ್ಲದ ಸರಕಿಗೆ ಹೆಸರು ತಂದುಕೊಡುವುದು, ವಿತರಕರನ್ನು ಕರೆದು ಸತ್ಕರಿಸುವುದು ಎರಡೂ ಒಂದೇ ವೆಚ್ಚದಲ್ಲಿ ಸಾಧ್ಯವಾಗುತ್ತವೆ.

ಊರಿನ ಉದ್ಯಮವೂ ಇದರಲ್ಲಿ ಹಿಂದೆ ಬೀಳಲಿಲ್ಲ. ರೂಬೆಯ ನೂಲಿನ ಉದ್ಯಮದಿಂದಲೇ ಬೆಳೆದು, 1920ರ ದಶಕದಲ್ಲಿ ಹೆಣಿಗೆಯ ನೂಲನ್ನು ಅಂಚೆಯ ಮೂಲಕ ಮಾರತೊಡಗಿ, 1928ರಲ್ಲಿ ಮೊದಲ ಸಚಿತ್ರ ಬೆಲೆಪಟ್ಟಿ ಹೊರತಂದ ಲಾ ರೆದೂತ್ ಕಂಪನಿ ಮುಂದೆ ಪಂದ್ಯದ ಪ್ರಾಯೋಜಕನಾಯಿತು. 1986ರಿಂದ 1988ರವರೆಗೆ ಪಂದ್ಯದ ಮುಕ್ತಾಯವನ್ನು ವೆಲೊಡ್ರೋಮಿನಿಂದ ಅದರ ಕಚೇರಿಯ ಮುಂದಿನ ರಸ್ತೆಗೆ ಬದಲಿಸಲಾಯಿತು. ಆ ಏರ್ಪಾಡು ಮೂರೇ ವರ್ಷ ನಿಂತಿತು. 1989ರಲ್ಲಿ ಪಂದ್ಯ ವೆಲೊಡ್ರೋಮಿಗೆ ಮರಳಿತು. ಪ್ರಾಯೋಜಕನ ಅನುಕೂಲಕ್ಕಿಂತ ಪರಂಪರೆಯ ತೂಕ ಹೆಚ್ಚೆಂಬುದು ಅಲ್ಲಿ ಸಾಬೀತಾಯಿತು.

ಸಣ್ಣ ತಯಾರಕರ ಪಾಲು

ಕಲ್ಲುಹಾಸು ಸಲಕರಣೆಗಳ ಪರೀಕ್ಷಾಶಾಲೆಯೂ ಹೌದು. ಅಮೆರಿಕದಲ್ಲಿ ಗುಡ್ಡಗಾಡು ಸೈಕಲ್ಲುಗಳಿಗಾಗಿ ಮುಂಚಕ್ರದ ಆಘಾತ ತಡೆಯುವ ಫೋರ್ಕುಗಳನ್ನು ತಯಾರಿಸುತ್ತಿದ್ದ ರಾಕ್‌ಶಾಕ್ಸ್ ಆಗ ಕೆಲವೇ ವರ್ಷ ಹಳೆಯದಾದ ಕಂಪನಿ. ಅದರ ಫೋರ್ಕು ಬಳಸಿ ಫ್ರಾನ್ಸಿನ ಜಿಲ್ಬೇರ್ ಡ್ಯುಕ್ಲೊ-ಲಸಾಲ್ 1992 ಮತ್ತು 1993ರಲ್ಲಿಯೂ, ಆಂದ್ರೇ ಚ್ಮಿಲ್ 1994ರಲ್ಲಿಯೂ ಗೆದ್ದರು. ಇದನ್ನು ಕಂಡು 1994ರಲ್ಲಿ ಮುಸೇವ್ ಹಿಂದೆ ಮುಂದೆ ಎರಡೂ ಕಡೆ ಆಘಾತ ತಡೆಯುವ ಬಿಯಾಂಕಿ ಸೈಕಲ್ ಹತ್ತಿದನು. ಅದು ನಡುದಾರಿಯಲ್ಲಿ ಕೈಕೊಟ್ಟಿತು. ಅನಂತರ ಈ ಫೋರ್ಕುಗಳ ಬಳಕೆ ಕಡಿಮೆಯಾಗಿ, ಅಗಲವಾದ ಟೈರು ಮತ್ತು ಕಡಿಮೆ ಗಾಳಿಯ ಒತ್ತಡವೇ ಸರಳ ಪರಿಹಾರವೆಂದು ತಂಡಗಳು ಕಂಡುಕೊಂಡವು.

ಸಣ್ಣ ಕಾರ್ಖಾನೆಯವರು ನೆನಪಿಡಬೇಕಾದ ಉದಾಹರಣೆ ಎಫ್‌ಎಂಬಿ ಎಂಬ ಫ್ರಾನ್ಸಿನ ಪುಟ್ಟ ಕಾರ್ಯಾಗಾರದ್ದು. ಕೈಯಿಂದ ಹೊಲಿದು ತಯಾರಿಸುವ ಅದರ ಟೈರುಗಳನ್ನು, ಬೇರೆ ದೊಡ್ಡ ಟೈರು ಕಂಪನಿಯ ಪ್ರಾಯೋಜಕತ್ವವಿದ್ದ ತಂಡಗಳೂ ಈ ಒಂದು ದಿನಕ್ಕಾಗಿ ತರಿಸಿಕೊಳ್ಳುತ್ತಿದ್ದವು. ಜಾಹೀರಾತಿಗೆ ಹಣ ಸುರಿಯಲಾಗದ ತಯಾರಕನಿಗೆ, ಅತಿ ಕಠಿಣ ಸಂದರ್ಭದಲ್ಲಿ ತಜ್ಞರು ತಾವಾಗಿಯೇ ಹುಡುಕಿಕೊಂಡು ಬರುವಂಥ ಗುಣಮಟ್ಟವೇ ಜಾಹೀರಾತು.

ಹೆಸರಿನ ಹಕ್ಕು

ಪಂದ್ಯದ ಕೀರ್ತಿ ಬೆಳೆದಂತೆ ‘ರೂಬೆ’ ಎಂಬ ಊರಿನ ಹೆಸರೇ ವ್ಯಾಪಾರ ಚಿಹ್ನೆಯಾಯಿತು. ಅಮೆರಿಕದ ಸ್ಪೆಷಲೈಜ್ಡ್ ಕಂಪನಿ ಆ ಹೆಸರಿನ ಸೈಕಲ್ ಮಾದರಿಯನ್ನು ಮಾರುತ್ತದೆ. 2013ರಲ್ಲಿ ಕೆನಡಾದ ಕ್ಯಾಲ್ಗರಿ ಬಳಿಯ ‘ಕೆಫೆ ರೂಬೆ’ ಎಂಬ ಸಣ್ಣ ಸೈಕಲ್ ಅಂಗಡಿಗೆ ಹೆಸರು ಬದಲಿಸುವಂತೆ ಕಂಪನಿ ಒತ್ತಾಯಿಸಿತು. ಜನರಿಂದ ವ್ಯಾಪಕ ಆಕ್ಷೇಪಣೆ ವ್ಯಕ್ತವಾಯಿತು. ಆ ಹೆಸರಿನ ಹಕ್ಕು ನಿಜವಾಗಿ ತಮ್ಮದೆಂದೂ, ಸ್ಪೆಷಲೈಜ್ಡ್‌ಗೆ ತಾವು ಪರವಾನಗಿ ಮಾತ್ರ ಕೊಟ್ಟಿದ್ದೇವೆಂದೂ ಫ್ಯೂಜಿ ಸೈಕಲ್ಲುಗಳ ಒಡೆಯರು ತಿಳಿಸಿ ಅಂಗಡಿಯ ಪರ ನಿಂತರು. ಅಂಗಡಿಯ ಹೆಸರು ಉಳಿಯಿತು. ಹಕ್ಕಿನ ಮೂಲಪತ್ರವನ್ನು ಓದದೆ ನೋಟೀಸು ಕಳುಹಿಸುವವರಿಗೆ ಇದು ಎಚ್ಚರಿಕೆ.

ಉಳಿದಿರುವ ಪ್ರಶ್ನೆಗಳು

ಮಹಿಳೆಯರಿಗೆ ಈ ಪಂದ್ಯ ತೆರೆದುಕೊಂಡದ್ದು 125 ವರ್ಷಗಳ ನಂತರ, 2021ರ ಅಕ್ಟೋಬರ್ 2ರಂದು. ಬ್ರಿಟನ್ನಿನ ಲಿಜ್ಜೀ ಡೀಗ್ನನ್ ಕೊನೆಯ 80 ಕಿಲೋಮೀಟರಿಗೂ ಹೆಚ್ಚು ದೂರವನ್ನು ಒಬ್ಬಳೇ ಕ್ರಮಿಸಿ ಗೆದ್ದಳು. ಆಕೆಗೆ ದೊರೆತ ಬಹುಮಾನ 1,535 ಯೂರೋ. ಮರುದಿನ ಪುರುಷರ ವಿಜೇತನಿಗೆ 30,000 ಯೂರೋ. ವ್ಯತ್ಯಾಸದ ಹಣವನ್ನು ಆಕೆಯ ತಂಡವೇ ತುಂಬಿಕೊಟ್ಟಿತು. ರೂಬೆ ಪಟ್ಟಣವೂ ಪಂದ್ಯದಷ್ಟು ಅದೃಷ್ಟವಂತವಲ್ಲ. 1970ರ ದಶಕದಿಂದ ಜವಳಿ ಉದ್ಯಮ ಕುಸಿದು, ಅದು ಫ್ರಾನ್ಸಿನ ಬಡ ಪಟ್ಟಣಗಳಲ್ಲಿ ಒಂದಾಯಿತು. ವರ್ಷಕ್ಕೊಂದು ಭಾನುವಾರದ ಕೀರ್ತಿಯು ಮುಚ್ಚಿದ ಗಿರಣಿಯ ಕೂಲಿಯನ್ನು ತಂದುಕೊಡಲಾರದು. ಉತ್ಸವವು ಉದ್ಯಮಕ್ಕೆ ಪೂರಕವೇ ಹೊರತು ಬದಲಿಯಲ್ಲ.

ವರ್ತಕರು ಗಮನಿಸಬೇಕಾದ ಅಂಶಗಳು

1. ಹೊಸಬನು ಪ್ರಬಲ ಪ್ರತಿಸ್ಪರ್ಧಿಯನ್ನು ಎದುರಿಸುವುದಕ್ಕಿಂತ, ಅವನ ಗ್ರಾಹಕರಿಗೆ ಬೇಕಾದ ಪೂರಕ ಸರಕನ್ನು ಒದಗಿಸುವುದು ಸುಲಭ.

2. ಒಂದು ಊರಿನ ಅಥವಾ ಸರಕಿನ ಒರಟುತನವನ್ನು ತಿದ್ದುವ ಮುಂಚೆ, ಗ್ರಾಹಕರು ಅದನ್ನು ಗುರುತಿಸುವುದೇ ಆ ಒರಟುತನದಿಂದಲೇ ಎಂಬುದನ್ನು ವಿಚಾರಿಸಬೇಕು.

3. ಪರಂಪರೆ ತಾನಾಗಿ ಉಳಿಯುವುದಿಲ್ಲ. ಪ್ರತಿವರ್ಷ ಕಲ್ಲು ಕೂರಿಸುವವರು ಬೇಕು.

4. ಕಲ್ಪನೆ ಯಾರದೇ ಇರಲಿ, ಒಡೆತನದ ಕರಾರು ಮತ್ತು ಹೆಸರಿನ ಹಕ್ಕು ಆರಂಭದಲ್ಲಿಯೇ ಸ್ಪಷ್ಟವಾಗಿರಬೇಕು.

5. ಒಬ್ಬನೇ ಪೋಷಕನನ್ನು ಅವಲಂಬಿಸಿದ ಸಂಸ್ಥೆ, ಅವನು ಹಿಂದೆ ಸರಿದ ದಿನ ಬೀದಿಗೆ ಬರುತ್ತದೆ.

6. ಸಮಾನ ಶ್ರಮಕ್ಕೆ ಅಸಮಾನ ಪ್ರತಿಫಲ ಕೊಡುವ ವ್ಯವಹಾರವು ಆ ಲೆಕ್ಕವನ್ನು ಒಂದಲ್ಲ ಒಂದು ದಿನ ಸಾರ್ವಜನಿಕವಾಗಿ ಒಪ್ಪಿಸಬೇಕಾಗುತ್ತದೆ.

ರೂಬೆ ವೆಲೊಡ್ರೋಮಿನ ಹಳೆಯ ಸ್ನಾನಗೃಹದಲ್ಲಿ ಕಾಂಕ್ರೀಟಿನ ಗಿಡ್ಡ ಗೋಡೆಗಳ ಸಾಲುಗಳಿವೆ. ಒಂದೊಂದರ ಮೇಲೂ ಒಬ್ಬ ವಿಜೇತನ ಹೆಸರನ್ನು ಕೆತ್ತಿದ ಹಿತ್ತಾಳೆಯ ಫಲಕವಿದೆ. ಪ್ರಾಯೋಜಕ ಕಂಪನಿಗಳಲ್ಲಿ ಹಲವು ಇಂದು ಈ ಕ್ಷೇತ್ರದಲ್ಲಿಲ್ಲ. ಅಲ್ಲಿ ಉಳಿದಿರುವುದು ದುಡಿದವರ ಹೆಸರು.